ಒಂದಕ್ಕೆ ಹೋಗುವ ಸರದಿ

ನಮ್ಮ ಮೇಜಿಗೆ ಒಂದೇ ಬಿಲ್ಲೆ. ಮೂವತ್ತು ಜನ ಹೆಂಗಸರಿಗೆ ಒಂದು ತಗಡಿನ ಬಿಲ್ಲೆ. ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಒಂದಕ್ಕೆ ಹೋಗಬೇಕಾದವರು ಅದನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು, ಬಂದು ಮತ್ತೆ ಮೊಳೆಗೆ ಹಾಕಬೇಕು. ಅಲ್ಲಿಯವರೆಗೆ ಉಳಿದವರು ಕಾಲು ಕೂಡಿಸಿಕೊಂಡು ಸಿಗಡಿ ಸುಲಿಯಬೇಕು.

ಈ ಕೆಲಸ ನೋಡದವರಿಗೆ ಹೇಳುತ್ತೇನೆ, ಕೇಳಿ. ನಮ್ಮ ಕಾರ್ಖಾನೆಯಲ್ಲಿ ಮೇಜಿನ ಮೇಲೆಲ್ಲ ಐಸು. ಐಸಿನೊಳಗೆ ಸಿಗಡಿ, ಸಿಗಡಿಯೊಳಗೆ ನಮ್ಮ ಕೈ. ತಲೆ ಕೀಳು, ಸಿಪ್ಪೆ ಬಿಡಿಸು, ಬೆನ್ನ ಮೇಲಿನ ಕಪ್ಪು ನರ ತೆಗೆ, ಬುಟ್ಟಿಗೆ ಹಾಕು. ಕೂರುವ ಹಾಗಿಲ್ಲ. ಕೋಣೆಯೇ ತಣ್ಣಗಿನ ಗುಹೆಯ ಹಾಗಿರುತ್ತದೆ. ಚಳಿಯಲ್ಲಿ ನಿಂತವರಿಗೆ ಒಂದಕ್ಕೆ ಜಾಸ್ತಿ ಬರುತ್ತದೆ. ಇದನ್ನು ತಿಳಿಯಲು ಯಾರೂ ಡಾಕ್ಟರ್ ಓದಬೇಕಾಗಿಲ್ಲ. ಹೋಗಬೇಕೆಂದರೆ ಗ್ಲೌಸು ತೆಗೆ, ಏಪ್ರನ್ ಬಿಚ್ಚು, ಬೂಟು ಕಳಚು. ಬಂದ ಮೇಲೆ ಮತ್ತೆ ಎಲ್ಲ ಹಾಕು, ಔಷಧಿ ನೀರಲ್ಲಿ ಕೈ ಅದ್ದು. ಅಷ್ಟರಲ್ಲಿ ಮೇಸ್ತ್ರಿ ಬಾಗಿಲಲ್ಲಿ ನಿಂತು, "ಏನಮ್ಮಾ, ಒಳಗೆ ಮಲಗಿ ನಿದ್ದೆ ಮಾಡಿ ಬಂದ್ಯಾ?" ಎನ್ನುತ್ತಾನೆ.

ಅದಕ್ಕೇ ನಾವು ನೀರು ಕುಡಿಯುವುದಿಲ್ಲ. ಮನೆಯಿಂದ ಹೊರಡುವಾಗ ಬಾಯಿ ಮುಕ್ಕಳಿಸುತ್ತೇವೆ, ಉಗುಳುತ್ತೇವೆ. ನುಂಗುವುದಿಲ್ಲ.

ಮೇಜಿನ ಒಂದು ತುದಿಯಲ್ಲಿ ಮೇಲಿನಿಂದ ಐಸಿನ ಜೊತೆ ಸಿಗಡಿ ಸುರಿಯುವ ದೊಡ್ಡ ಬಾಯಿ ಇದೆ. ಅಲ್ಲಿ ನಿಲ್ಲುವುದು ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಅವಳ ಕೈ ಚುರುಕು. ಅದೇ ಅವಳು ಮಾಡಿದ ತಪ್ಪು. ಚುರುಕಿನವರನ್ನೇ ಮೇಸ್ತ್ರಿ ಐಸಿನ ತುದಿಗೆ ಹಾಕುತ್ತಾನೆ. ಪಕ್ಕದಲ್ಲಿ ನಾನು. ನನ್ನ ಆಚೆ, ಬಾಯಿ ಬಿಟ್ಟರೆ ಸಿಡಿಯುವ ಒಬ್ಬಳು; ಅವಳನ್ನು ಎಲ್ಲರೂ ಪಟಾಕಿ ಎಂದೇ ಕರೆಯುತ್ತೇವೆ. ನಮ್ಮ ಮೇಜಿನಲ್ಲಿ ಒಂದು ರೂಢಿ ಇದೆ. ಯಾರ ಹತ್ತಿರ ಏನು ಹೆಚ್ಚಿದ್ದರೂ ಅದು ಐಸಿನ ತುದಿಗೆ ಹೋಗಬೇಕು. ದಪ್ಪ ಕಾಲುಚೀಲ ಇರಲಿ, ಹರಿಯದ ಗ್ಲೌಸು ಇರಲಿ, ಫ್ಲಾಸ್ಕಿನಲ್ಲಿ ಉಳಿದ ಬಿಸಿ ಚಹಾ ಇರಲಿ, ಕೈಯಿಂದ ಕೈಗೆ ಅತ್ತಿಗೆಯವರೆಗೆ ದಾಟುತ್ತದೆ.

ಹೀಗಿರುವಾಗ ಒಂದು ದಿನ ಕ್ಯಾಂಟೀನಿಗೆ ಡಾಕ್ಟರು ಬಂದರು. ಊರಿನ ದೊಡ್ಡ ಆಸ್ಪತ್ರೆಯಲ್ಲಿ ಮೂತ್ರದ ರೋಗಗಳನ್ನು ನೋಡುವವರು. ಜೊತೆಯಲ್ಲಿ ಒಬ್ಬ ಸಿಸ್ಟರ್. ಮ್ಯಾನೇಜರ್ ಕೈ ಉಜ್ಜುತ್ತಾ, "ನಿಮ್ಮ ಆರೋಗ್ಯಕ್ಕೆ ಕಂಪನಿ ಏನೆಲ್ಲ ಮಾಡ್ತಿದೆ ನೋಡಿ," ಎಂದ. ಡಾಕ್ಟರು ಹೊಸ ಮಾತ್ರೆಯೊಂದರ ಮೇಲೆ ಸಂಶೋಧನೆ ಮಾಡುತ್ತಿದ್ದರಂತೆ. ಮೂತ್ರ ತಡೆಯಲಾಗದವರಿಗೆ ಆ ಮಾತ್ರೆಯಂತೆ.

ಸಿಸ್ಟರ್ ಒಬ್ಬೊಬ್ಬರನ್ನೇ ಕೂರಿಸಿ ಪ್ರಶ್ನೆ ಕೇಳಿದಳು. ಪಾಪದ ಹುಡುಗಿ, ಕೇಳುವಾಗ ತಾನೇ ನಾಚುತ್ತಿದ್ದಳು.

"ಇದ್ದಕ್ಕಿದ್ದ ಹಾಗೆ ತುಂಬ ಅವಸರ ಆಗುತ್ತಾ ಅಕ್ಕಾ?"

"ಆಗದೆ?" ಎಂದಳು ಪಟಾಕಿ. "ಬೆಳಿಗ್ಗೆಯಿಂದ ತಡ್ಕೊಂಡಿದ್ರೆ ನಿಂಗೂ ಆಗುತ್ತೆ."

"ಹೋಗೋದ್ರೊಳಗೆ ಸ್ವಲ್ಪ ಸೋರಿಬಿಡುತ್ತಾ?"

"ಬಿಲ್ಲೆ ಯಾರ ಕೊರಳಲ್ಲಿದೆ ಅನ್ನೋದರ ಮೇಲೆ."

"ನಗುವಾಗ?"

"ಇಲ್ಲಿ ನಗೋಕೆ ಬಿಟ್ರೆ ತಾನೆ ಗೊತ್ತಾಗೋದು!"

ಎಲ್ಲರೂ ನಕ್ಕೆವು. ಸಿಸ್ಟರ್ ಕೂಡ ನಕ್ಕಳು. ಆದರೆ ಬಿಲ್ಲೆಯ ವಿಷಯ ಅವಳ ಪ್ರಶ್ನೆಗಳಲ್ಲಿ ಇರಲಿಲ್ಲ. ಮೊಳೆಯಲ್ಲಿ ನೇತಾಡುವ ಬಿಲ್ಲೆ ಡಾಕ್ಟರ ಕಣ್ಣಿಗೂ ಬೀಳಲಿಲ್ಲ. ಮೂವತ್ತರಲ್ಲಿ ಮೂವತ್ತು ಜನಕ್ಕೂ ರೋಗ ಇದೆ ಎಂದು ತೀರ್ಮಾನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಅದು ಇದೇ. ಕೆಟ್ಟಿದ್ದು ಕಾರ್ಖಾನೆ, ಮಾತ್ರೆ ನಮಗೆ.

"ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ನಮಗೂ ಗೊತ್ತಿರಲ್ಲ. ನೋಡೋಕೆ ಎಲ್ಲಾ ಒಂದೇ," ಎಂದು ಸಿಸ್ಟರ್ ವಿವರಿಸಿದಳು.

"ನಮ್ಮ ಮ್ಯಾನೇಜರ್ ಮಾತಿನ ಹಾಗೆ," ಎಂದು ಪಟಾಕಿ ನನ್ನ ಕಿವಿಯಲ್ಲಿ ಅಂದಳು. "ಯಾವುದರ ಒಳಗೆ ಏನಿದೆ ಅಂತ ನುಂಗಿದ ಮೇಲೇ ಗೊತ್ತಾಗೋದು."

"ಇಷ್ಟ ಇದ್ದವರು ಮಾತ್ರ ಸೇರಬಹುದು. ಬಲವಂತ ಇಲ್ಲ," ಎಂದಳು ಸಿಸ್ಟರ್.

ಅವಳ ಬೆನ್ನ ಹಿಂದೆ ನಿಂತಿದ್ದ ಮೇಸ್ತ್ರಿ, "ಇಷ್ಟ ಇಲ್ಲದೋರು ನಾಳೆ ಗೇಟಿನ ಹತ್ರ ನನ್ನ ನೋಡಿ," ಎಂದ.

ಮೂವತ್ತು ಜನಕ್ಕೂ ಇಷ್ಟವಾಯಿತು.

ದಿನಾ ಬೆಳಿಗ್ಗೆ ಮಾತ್ರೆ ಕೊಡುವ ಕೆಲಸವನ್ನು ಡಾಕ್ಟರು ಮೇಸ್ತ್ರಿಗೇ ವಹಿಸಿದರು. ಸಿಸ್ಟರ್ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಕೆಲವರಿಗೆ ಏನೂ ಆಗಲಿಲ್ಲ. ಕೆಲವರಿಗೆ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತು, ಕಣ್ಣು ಮಂಜಾಯಿತು. ಆದರೆ ಅವಸರ ಮಾತ್ರ ನಿಂತಿತು. ಮೊದಮೊದಲು ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ. ಕಾಲು ಕೂಡಿಸಿಕೊಂಡು ನಿಲ್ಲುವ ನರಕ ತಪ್ಪಿದರೆ ಯಾರಿಗೆ ಬೇಡ?

ಮೇಸ್ತ್ರಿಗೆ ನಮಗಿಂತ ಹೆಚ್ಚು ಹಾಯೆನಿಸಿತು. ಒಂದು ದಿನ ಬಿಲ್ಲೆಯನ್ನು ಮೊಳೆಯಿಂದ ತೆಗೆದು ಜೇಬಿಗೆ ಹಾಕಿಕೊಂಡ. "ಔಷಧಿ ಕೊಡ್ತಾ ಇದಾರಲ್ಲ, ಇನ್ನು ಇದ್ಯಾಕೆ? ಬೇಕೇ ಬೇಕು ಅಂದೋರು ಬಂದು ಕೇಳಿ," ಎಂದ. ಅವನ ಜೇಬಿಗೆ ಕೈ ಹಾಕಿ ಕೇಳುವವರು ಯಾರು? ಔಷಧಿ ಇಲ್ಲದ ಮಾತ್ರೆ ಸಿಕ್ಕವರ ಪಾಡು ಮೊದಲಿಗಿಂತ ಕೆಟ್ಟಿತು. ಇದೇ ಹೊತ್ತಿಗೆ ಐಸಿನ ಬಾಯಿಯಿಂದ ಬರುವ ಸಿಗಡಿ ಹೆಚ್ಚಾಯಿತು.

ರೂಢಿ ಹೇಳಿದೆನಲ್ಲ. ಬಾಯಿ ಒಣಗುವುದನ್ನು ತಾಳಲಾರದವರು ಮಾತ್ರೆಯನ್ನು ನಾಲಿಗೆ ಕೆಳಗೆ ಬಚ್ಚಿಟ್ಟು, ಮೇಸ್ತ್ರಿ ಆಚೆ ಹೋದ ಮೇಲೆ ತೆಗೆದು, ಸೆರಗಿಗೆ ಒರೆಸಿ, "ಐಸಿನ ತುದಿಗೆ ಹೋಗ್ಲಿ," ಎಂದು ದಾಟಿಸುತ್ತಿದ್ದರು. ಕಾಲುಚೀಲ ಹೋದ ದಾರಿಯಲ್ಲೇ ಮಾತ್ರೆಯೂ ಹೋಯಿತು. ಅತ್ತಿಗೆ ಕೆಲವು ದಿನ ಎರಡು, ಕೆಲವು ದಿನ ಮೂರು ನುಂಗಿದಳು. ಒಮ್ಮೆ ಮೇಸ್ತ್ರಿಯೇ ನೋಡಿದ. ನೋಡಿ ನಕ್ಕು, "ಒಳ್ಳೇದಾಯ್ತು ಬಿಡಿ," ಎಂದ.

ಮುಂದೆ ಒಂದು ದಿನ ಮಾಲು ಒಯ್ಯುವ ದೊಡ್ಡ ಲಾರಿ ಬರುವುದಿತ್ತು. ಒಂದು ಪಾಳಿ ಮುಗಿದರೂ ಮನೆಗೆ ಬಿಡಲಿಲ್ಲ. "ಅತ್ತಿಗೆ, ಒಂದು ಸಲ ಹೋಗಿ ಬಾ," ಅಂದೆ.

"ಬರ್ತಾನೇ ಇಲ್ಲ ಕಣೇ. ಆರಾಮಾಗಿದೀನಿ," ಎಂದಳು.

ಸಂಜೆ ಏಪ್ರನ್ ಬಿಚ್ಚಿದಾಗ ಅವಳ ಹೊಟ್ಟೆ ನೋಡಿದೆ. ಆರು ತಿಂಗಳ ಬಸುರಿಯ ಹಾಗೆ ಮುಂದೆ ಬಂದಿತ್ತು. ಶೌಚಕ್ಕೆ ಹೋಗಿ ಕೂತಳು. ಏನೂ ಬರಲಿಲ್ಲ. ಎದ್ದಳು, ಕೂತಳು, ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸಿಕೊಂಡಳು. ಒಂದು ಹನಿ ಬರಲಿಲ್ಲ. ಆಮೇಲೆ ನೋವು ಶುರುವಾಯಿತು. ಆಟೋದಲ್ಲಿ ನನ್ನ ಕೈಯನ್ನು ಹಿಂಡಿದ ರಭಸಕ್ಕೆ ಬಳೆ ಒಡೆಯಿತು.

ಆಸ್ಪತ್ರೆಯಲ್ಲಿ ಅದೇ ಸಿಸ್ಟರ್ ಇದ್ದಳು. ಕೊಳವೆ ಹಾಕಿದಳು. ಚೀಲ ತುಂಬಿತು. ಬದಲಾಯಿಸಿದಳು. ಅದೂ ತುಂಬಿತು. "ಎಷ್ಟು ಹೊತ್ತಿಂದ ಹೋಗಿಲ್ಲ ಅಕ್ಕಾ?" ಎಂದು ಕೇಳಿದಳು. ಅತ್ತಿಗೆ ಕಣ್ಣು ಮುಚ್ಚಿ, "ಬರ್ಲಿಲ್ಲವಲ್ಲ ತಾಯಿ, ಬರಬಾರದು ಅಂತ ತಾನೆ ಮಾತ್ರೆ ಕೊಟ್ಟಿದ್ದು," ಎಂದಳು.

ಮರುದಿನ ಡಾಕ್ಟರು ನೋಡಿದರು. ಮೂತ್ರದ ಚೀಲ ಮಿತಿ ಮೀರಿ ಹಿಗ್ಗಿ ಸೋತುಹೋಗಿದೆ, ಎಳೆದೆಳೆದು ಸಡಿಲವಾದ ರಬ್ಬರಿನ ಹಾಗಾಗಿದೆ ಎಂದರು. ಸರಿಹೋಗಬಹುದು, ಆದರೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ನಾಲ್ಕು ಗಂಟೆಗೊಮ್ಮೆ ಅವಳೇ ಸಣ್ಣ ಕೊಳವೆ ಹಾಕಿಕೊಂಡು ಮೂತ್ರ ತೆಗೆಯಬೇಕು. "ತಪ್ಪಿಸಿದರೆ ಸೋಂಕು ಕಿಡ್ನಿಗೆ ಏರುತ್ತೆ. ಕಿಡ್ನಿ ಹೋದರೆ ಹೋಯ್ತು," ಎಂದರು.

"ಇದು ಮಾತ್ರೆಯಿಂದ ಆಗಿದ್ದಾ ಸಾರ್?" ಅಂದೆ.

"ಇವರಿಗೆ ಕೊಟ್ಟಿದ್ದು ದಿನಕ್ಕೆ ಒಂದು. ಇವರು ತಗೊಂಡಿದ್ದು ಮೂರು. ನಿಯಮ ಮುರಿದಿದಾರೆ. ಇವರನ್ನ ಸಂಶೋಧನೆಯಿಂದ ಕೈಬಿಟ್ಟಿದ್ದೀವಿ."

"ಕೈಬಿಟ್ರೆ?"

"ಇವರ ತೊಂದರೆ ನಮ್ಮ ಲೆಕ್ಕಕ್ಕೆ ಬರಲ್ಲ ಅಂತ."

ನನಗೆ ಮೈಯೆಲ್ಲ ಉರಿಯಿತು. "ಮಾತ್ರೆ ಹಂಚೋಕೆ ನೀವೇ ಮೇಸ್ತ್ರಿಗೆ ಕೊಟ್ರಿ. ನಾವು ದಾಟಿಸೋದನ್ನ ಅವನೇ ನೋಡಿ ನಕ್ಕ. ಅವನು ಬಿಲ್ಲೆ ಜೇಬಲ್ಲಿ ಇಟ್ಕೊಂಡ. ಅದು ಯಾರ ಲೆಕ್ಕ ಸಾರ್?"

"ಶೌಚಾಲಯ, ಬಿಲ್ಲೆ ಇದೆಲ್ಲ ಕಾರ್ಖಾನೆ ವಿಷಯ. ನಾನು ಡಾಕ್ಟರು."

"ಹಾಗಾದ್ರೆ ಡಾಕ್ಟರಾಗಿ ಒಂದು ಮಾತು ಮ್ಯಾನೇಜರ್‌ಗೆ ಹೇಳಿ. ನಾಲ್ಕು ಗಂಟೆಗೊಮ್ಮೆ ಇವಳನ್ನ ಬಿಡಲೇಬೇಕು ಅಂತ."

ಅವರು ಕನ್ನಡಕ ತೆಗೆದು ಒರೆಸಿದರು. "ನೋಡಮ್ಮ, ಅವರು ಒಳಗೆ ಬಿಟ್ಟಿದ್ದಕ್ಕೇ ಈ ಕೆಲಸ ನಡೀತಿದೆ. ಇನ್ನೇನು ಮುಗಿಯೋ ಹೊತ್ತು. ಈಗ ಹೋಗಿ ಅವರ ಕೆಲಸದ ವಿಷಯದಲ್ಲಿ ಬಾಯಿ ಹಾಕೋಕಾಗಲ್ಲ. ಕೆಲಸ ಬಿಟ್ಟು ಮನೇಲಿ ವಿಶ್ರಾಂತಿ ತಗೊಳ್ಳಲಿ," ಎಂದು ಎದ್ದರು.

ವಿಶ್ರಾಂತಿ! ಅಣ್ಣ ದೋಣಿ ಹತ್ತಿದರೆ ಯಾವಾಗ ದಡ ಸೇರುತ್ತಾನೆಂದು ಅವನಿಗೇ ಗೊತ್ತಿರುವುದಿಲ್ಲ. ಬಾಡಿಗೆ ಮನೆ, ಎರಡು ಮಕ್ಕಳು. ಅತ್ತಿಗೆ ಒಂದು ವಾರ ಕೂತರೆ ಎರಡನೇ ವಾರ ಒಲೆ ಉರಿಯುವುದಿಲ್ಲ. ಹೇಳಿದರೆ ಯಾರಿಗೆ ಅರ್ಥವಾಗುತ್ತದೆ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಸಿಸ್ಟರ್ ಪರದೆ ಎಳೆದು ಅತ್ತಿಗೆಗೆ ಕಲಿಸಿದಳು. ಮೊದಲು ಸೋಪಿನಲ್ಲಿ ಕೈ ತೊಳೆಯಬೇಕು, ಬೆರಳ ಸಂದಿ ಸಮೇತ. ಅವಸರ ಮಾಡಬಾರದು. ಕೊಳವೆಯ ತುದಿ ಎಲ್ಲಿಗೂ ತಾಗಬಾರದು. ಒಂದು ಕೈಯಲ್ಲಿ ಕನ್ನಡಿ.

ಕನ್ನಡಿ ನೋಡಿ ಅತ್ತಿಗೆ ನಾಚಿಕೆಯಿಂದ ಕುಗ್ಗಿಹೋದಳು. "ಮುಖ ನೋಡ್ಕೊಳ್ಳೋಕೇ ಪುರಸೊತ್ತಿಲ್ಲ, ಈಗ ಇದನ್ನ ನೋಡ್ಕೋಬೇಕಾ? ಏ, ನಿನ್ನಣ್ಣನ ಹತ್ರ ಬಾಯಿ ಬಿಟ್ಟೀಯ!" ಎಂದಳು. ನಾನು ನಕ್ಕೆ, ಅವಳೂ ನಕ್ಕಳು. ನಗುನಗುತ್ತಲೇ ಅತ್ತುಬಿಟ್ಟಳು. ಮೂರನೇ ಸಲಕ್ಕೆ ಸರಿಯಾಗಿ ಬಂತು. ಸಿಸ್ಟರ್ ಅವಳ ಭುಜ ಸವರಿ, "ಇನ್ನು ನಿಮಗೆ ಯಾರೂ ಬೇಡ ಅಕ್ಕಾ. ಸೋಪು, ನೀರು, ಬಾಗಿಲಿರೋ ಒಂದು ಕೋಣೆ ಸಾಕು," ಎಂದಳು.

ಆ ಮೂರೂ ಕಾರ್ಖಾನೆಯಲ್ಲಿ ಇದ್ದವು. ಕೊಡುವ ಮನಸ್ಸು ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅತ್ತಿಗೆ ಮರಳಿ ಬಂದ ದಿನ ಮೇಸ್ತ್ರಿಗೆ ಎಲ್ಲ ಬಿಡಿಸಿ ಹೇಳಿದಳು. ಗಂಡಸಿನ ಮುಂದೆ ಅದನ್ನು ಹೇಳುವಾಗ ಅವಳ ಕಿವಿ ಕೆಂಪಾಗಿತ್ತು. ಅವನು ಕೊನೆವರೆಗೂ ಕೇಳಿದ. ಆಮೇಲೆ, "ಒಬ್ಬಳಿಗೆ ಬಿಟ್ರೆ ಎಲ್ಲರಿಗೂ ಬಿಡಬೇಕಾಗುತ್ತೆ," ಎಂದ.

"ಎಲ್ಲರಿಗೂ ಬಿಟ್ರೆ ಏನಾಗುತ್ತೆ?" ಎಂದು ಪಟಾಕಿ ಕೇಳಿದಳು.

"ನೀನು ಸುಮ್ನಿರು."

ಕೆಲವು ದಿನ ಅವನು ಬಿಟ್ಟ, ಕೆಲವು ದಿನ ಬಿಡಲಿಲ್ಲ. ಒಂದು ದಿನ ಚಹಾ ಹೊತ್ತಿನವರೆಗೂ ಕಾಯಿಸಿದ. ಅಂದು ಸಂಜೆ ಅವಳಿಗೆ ಚಳಿಜ್ವರ. ಹಲ್ಲು ಕಟಕಟ ಎನ್ನುತ್ತಿತ್ತು. ಸಿಸ್ಟರ್ ಇಂಜೆಕ್ಷನ್ ಕೊಟ್ಟು ನನ್ನನ್ನು ಪಕ್ಕಕ್ಕೆ ಕರೆದಳು. "ಸೋಂಕು ಮೇಲಕ್ಕೆ ಹತ್ತೋಕೆ ಶುರುವಾಗಿದೆ. ಹೀಗೇ ಇನ್ನೊಂದು ಸಲ ಆದ್ರೆ ಕಿಡ್ನಿ ಉಳಿಯೋದು ಕಷ್ಟ. ಹೇಗಾದರೂ ಮಾಡಿ ನಾಲ್ಕು ಗಂಟೆ ದಾಟಿಸಬೇಡಿ," ಎಂದಳು. ಹೇಗಾದರೂ ಮಾಡಿ ಅಂದರೆ ಹೇಗೆ? ಆ ಹುಡುಗಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಾ ನಡೆದೆ. ಒಬ್ಬಳು ಹೆಂಗಸು ಬಾಗಿಲು ಹಾಕಿಕೊಂಡು ಒಂದಕ್ಕೆ ಹೋಗಲು ಯಾರ ಕಾಲು ಹಿಡಿಯಬೇಕು?

ಸಂಶೋಧನೆ ಮುಗಿದ ದಿನ ಡಾಕ್ಟರು ಮತ್ತೆ ಬಂದರು. ಬೆಳಿಗ್ಗೆ ಕ್ಯಾಂಟೀನಿನಲ್ಲಿ ನಮ್ಮನ್ನೆಲ್ಲ ನಿಲ್ಲಿಸಿದರು. ಅವರ ಮುಖ ಅರಳಿತ್ತು.

"ನಿಮ್ಮ ಸಹಕಾರದಿಂದ ಒಳ್ಳೇ ಫಲಿತಾಂಶ ಬಂದಿದೆ. ಶೌಚಾಲಯಕ್ಕೆ ಹೋಗೋದು ಅರ್ಧಕ್ಕಿಂತ ಕಡಿಮೆ ಆಗಿದೆ. ಔಷಧಿ ಇಲ್ಲದ ಮಾತ್ರೆ ತಗೊಂಡವರಲ್ಲೂ ಕಡಿಮೆ ಆಗಿರೋದು ವಿಶೇಷ. ಮನಸ್ಸಿನ ಶಕ್ತಿ ಅಂದ್ರೆ ಇದೇ," ಎಂದರು.

"ಬಿಲ್ಲೆ ಜೇಬಲ್ಲಿದ್ರೆ ಕಡಿಮೆ ಆಗ್ದೆ ಇನ್ನೇನಾಗುತ್ತೆ?" ಎಂದು ಪಟಾಕಿ ಗೊಣಗಿದಳು. "ಮೇಸ್ತ್ರಿ ಜೇಬನ್ನೂ ಅರೆದು ಮಾತ್ರೆ ಮಾಡಿ ಮಾರ್ಲಿ."

ಸಾಲಿನಲ್ಲಿ ಕಿಸಕ್ಕೆಂದು ನಗು ಹಬ್ಬಿತು. ಡಾಕ್ಟರು ಸಂತೋಷದ ನಗು ಎಂದುಕೊಂಡು ತಾವೂ ನಕ್ಕರು. ಮ್ಯಾನೇಜರ್ ಅವರನ್ನು ಚಹಾಕ್ಕೆ ಕರೆದುಕೊಂಡು ಹೋದ. ಸಿಸ್ಟರ್ ತಲೆ ತಗ್ಗಿಸಿಕೊಂಡು ಹಿಂದೆ ಹೋದಳು. ನಾವು ಮೇಜಿಗೆ ಬಂದೆವು.

ಅಂದು ಕೂಡ ಲಾರಿ ಬಂದು ನಿಂತಿತ್ತು. ಐಸು ಸುರಿಯುತ್ತಲೇ ಇತ್ತು. ಅತ್ತಿಗೆ ನಸುಕಿನಲ್ಲೇ ಮನೆಯಲ್ಲಿ ಕೊಳವೆ ಹಾಕಿ ಮೂತ್ರ ತೆಗೆದು ಹೊರಟವಳು, ನಾಲ್ಕು ಗಂಟೆ ತುಂಬುತ್ತ ಬಂದಿತ್ತು. ಗಡಿಯಾರ ನೋಡಿದಳು. ಮೇಸ್ತ್ರಿಯ ಕಡೆ ನೋಡಿದಳು. ಗ್ಲೌಸು ತೆಗೆಯತೊಡಗಿದಳು.

"ಏಯ್, ಲಾರಿ ಹೋಗ್ಲಿ. ಆಮೇಲೆ," ಎಂದ ಮೇಸ್ತ್ರಿ.

"ಆಮೇಲೆ ಅಂದ್ರೆ ಆಗಲ್ಲ ಮೇಸ್ತ್ರಿ. ಹೊತ್ತಾಗಿದೆ."

"ಲಾರಿಗೂ ಹೊತ್ತಾಗಿದೆ."

ಅತ್ತಿಗೆಯ ತುಟಿ ಬಿಳಿಚಿಕೊಂಡಿತ್ತು. ಜ್ವರ ಬಿಟ್ಟು ಇನ್ನೂ ಮೈಗೆ ಶಕ್ತಿ ಬಂದಿರಲಿಲ್ಲ. ನನ್ನ ಕಡೆ ತಿರುಗಿ, "ಹೋಗ್ಲೇಬೇಕು ಕಣೇ. ಈ ಸಲ ತಪ್ಪಿದ್ರೆ ನಾನು ಉಳಿಯಲ್ಲ," ಎಂದಳು. ಬೇಡುವ ಧ್ವನಿ ಅಲ್ಲ ಅದು. ಸುಮ್ಮನೆ ಇದ್ದದ್ದನ್ನು ಹೇಳಿದಳು.

ನನ್ನ ಪಿತ್ತ ನೆತ್ತಿಗೇರಿತು. ಕೈಲಿದ್ದ ಸಿಗಡಿಯನ್ನು ಅರ್ಧ ಸುಲಿದದ್ದು ಅಲ್ಲೇ ಬಿಟ್ಟೆ. ಗ್ಲೌಸು ಕಿತ್ತೆ. "ನಡಿ ಅತ್ತಿಗೆ," ಎಂದೆ.

"ನೀನೆಲ್ಲಿಗೆ?" ಎಂದ ಮೇಸ್ತ್ರಿ.

"ಒಂದಕ್ಕೆ."

ಪಟಾಕಿ ಏಪ್ರನ್ ಬಿಚ್ಚಿ ಮೇಜಿನ ಮೇಲೆ ಎಸೆದಳು. ಅವಳ ಪಕ್ಕದವಳು ಬಿಚ್ಚಿದಳು. ಅವಳ ಆಚೆಯವಳು. ಎಂದೂ ತುಟಿ ಬಿಚ್ಚದ ಮುದುಕಿಯೊಬ್ಬಳು ಬೂಟು ಕಳಚಲಾಗದೆ, "ಸ್ವಲ್ಪ ಎಳೀರೇ," ಎಂದು ಕಾಲು ಚಾಚಿದಳು. ಐಸಿನ ಬಾಯಿ ಸುರಿಯುತ್ತಲೇ ಇತ್ತು. ಸಿಗಡಿ ಮೇಜು ತುಂಬಿ ನೆಲಕ್ಕೆ ಉದುರತೊಡಗಿತು.

"ಏನು, ಎಲ್ಲರಿಗೂ ಒಟ್ಟಿಗೇ ಬಂತಾ?" ಎಂದು ಮೇಸ್ತ್ರಿ ಕಿರುಚಿದ.

"ಬಂತು," ಎಂದೆವು.

ಅವನು ಬಾಗಿಲಿಗೆ ಅಡ್ಡ ನಿಂತ. ಆದರೆ ಮೂವತ್ತು ಜನ ಒಟ್ಟಿಗೆ ನಡೆದು ಬರುವುದನ್ನು ಅವನು ಹಿಂದೆಂದೂ ನೋಡಿರಲಿಲ್ಲ. ನಾವೂ ನಡೆದಿರಲಿಲ್ಲ. ಹತ್ತಿರ ಬಂದಂತೆ ಪಕ್ಕಕ್ಕೆ ಸರಿದ.

ಶೌಚದ ಬಾಗಿಲಿನ ಚಿಲಕ ಮುರಿದು ಎಷ್ಟೋ ಕಾಲವಾಗಿತ್ತು. ಅತ್ತಿಗೆ ಸೋಪು, ಕೊಳವೆ, ಕನ್ನಡಿಯ ಚೀಲ ಹಿಡಿದು ಒಳಗೆ ಹೋದಳು. ನಾನೂ ಪಟಾಕಿಯೂ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆವು. ಉಳಿದವರು ಓಣಿ ತುಂಬ ಸಾಲಾಗಿ ನಿಂತರು.

ಮ್ಯಾನೇಜರ್ ಓಡಿ ಬಂದ. ಹಿಂದೆಯೇ ಡಾಕ್ಟರು, ಸಿಸ್ಟರ್. ಡಾಕ್ಟರಿಗೆ ಕಕ್ಕಾಬಿಕ್ಕಿ. "ಇದೇನು, ಇಷ್ಟು ಜನ? ಯಾರೂ ಮಾತ್ರೆ ತಗೊಂಡಿಲ್ವಾ?" ಎಂದರು.

"ತಗೊಂಡ್ವಿ ಸಾರ್," ಎಂದಳು ಪಟಾಕಿ. "ಆದ್ರೂ ಬಂತು. ಬರ್ಕೊಳ್ಳಿ."

"ತಮಾಷೆ ಸಾಕು," ಎಂದು ಮ್ಯಾನೇಜರ್ ಗದರಿದ. "ಮಾಲು ಹಾಳಾಗ್ತಿದೆ. ಯಾರು ಒಳಗೆ?"

"ನಮ್ಮತ್ತಿಗೆ," ಎಂದೆ. "ಡಾಕ್ಟರೇ, ಅವತ್ತು ಆಸ್ಪತ್ರೇಲಿ ನಮಗೆ ಹೇಳಿದ್ದನ್ನ ಈಗ ಇವರ ಮುಂದೆ ಹೇಳಿ. ಎಷ್ಟು ಹೊತ್ತಿಗೊಮ್ಮೆ ಅಂತ ಹೇಳಿ."

ಡಾಕ್ಟರು ಮ್ಯಾನೇಜರ್ ಮುಖ ನೋಡಿದರು. ಕನ್ನಡಕಕ್ಕೆ ಕೈ ಹೋಯಿತು.

"ನಾಲ್ಕು ಗಂಟೆಗೊಮ್ಮೆ," ಎಂದಳು ಹಿಂದಿನಿಂದ ಸಿಸ್ಟರ್. "ಬಿಡದಿದ್ರೆ ಅವರ ಕಿಡ್ನಿ ಹೋಗುತ್ತೆ ಸಾರ್. ಅದು ಮಾತ್ರೆ ತಗೊಂಡು, ಹೋಗೋಕೆ ಬಿಡದೆ ಆಗಿದ್ದು."

ಡಾಕ್ಟರು ಅವಳನ್ನು ಸುಡುವಂತೆ ನೋಡಿದರು. ಅವಳು ಕಣ್ಣು ಕೆಳಗಿಳಿಸಲಿಲ್ಲ.

"ಆಯ್ತು ಆಯ್ತು, ಅದೆಲ್ಲ ಆಮೇಲೆ ಕೂತು ಮಾತಾಡೋಣ," ಎಂದ ಮ್ಯಾನೇಜರ್. "ಈಗ ಎಲ್ಲರೂ ಮೇಜಿಗೆ ನಡೀರಿ. ಅವಳು ಮುಗಿಸಿಕೊಂಡು ಬರ್ಲಿ."

ಯಾರೂ ಅಲುಗಲಿಲ್ಲ.

"ಅವಳಾದ ಮೇಲೆ ನಂದು," ಎಂದಳು ಪಟಾಕಿ. "ಆಮೇಲೆ ಇವಳದು. ಹಿಂದೆ ಅಜ್ಜಿ ಇದಾರೆ, ಅವರಿಗೆ ಸ್ವಲ್ಪ ತಡ ಆಗುತ್ತೆ."

ಮ್ಯಾನೇಜರ್ ನನ್ನ ಕಡೆ ತಿರುಗಿದ. ಈಗ ಧ್ವನಿ ಇಳಿದಿತ್ತು. "ಇನ್ನೂ ಎಷ್ಟು ಹೊತ್ತು ಬೇಕಂತೆ, ಕೇಳಮ್ಮ."

ನಾನು ಬಾಗಿಲು ತಟ್ಟಿದೆ. "ಅತ್ತಿಗೆ, ಮ್ಯಾನೇಜರ್ ಬಂದಿದಾರೆ. ಇನ್ನೂ ಎಷ್ಟು ಹೊತ್ತು ಅಂತ ಕೇಳ್ತಿದಾರೆ."

ಒಳಗೆ ನಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಅದು ನಿಲ್ಲಲಿಲ್ಲ.

"ಈಗಿನ್ನೂ ಕೈ ತೊಳೀತಿದೀನಿ ಕಣೇ," ಎಂದಳು ಅತ್ತಿಗೆ. "ಕಾಯೋಕೆ ಹೇಳು."